48 ಗಂಟೆಯ ಆಟವನ್ನು ನೋಡುವ ಬಗೆ: ರಸಿಕರಿಗೊಂದು ಕೈಪಿಡಿ

ಗಣಕಯಂತ್ರದ ಆಟಗಳನ್ನು ತಯಾರಿಸುವವರು ಒಂದೆಡೆ ಅಥವಾ ಅಂತರ್ಜಾಲದಲ್ಲಿ ಸೇರಿ, ಆರಂಭದ ಗಳಿಗೆಯಲ್ಲಷ್ಟೇ ಪ್ರಕಟವಾಗುವ ವಿಷಯವೊಂದನ್ನು ಹಿಡಿದು, ಗೊತ್ತುಪಡಿಸಿದ ಅವಧಿಯೊಳಗೆ, ಸಾಮಾನ್ಯವಾಗಿ 48 ಗಂಟೆಗಳಲ್ಲಿ, ಆಡಲು ಬರುವಂಥ ಆಟವನ್ನು ಬುಡದಿಂದ ಕಟ್ಟಿ ಮುಗಿಸುವ ಕೂಟಕ್ಕೆ ಗೇಮ್ ಜ್ಯಾಮ್ ಎಂದು ಹೆಸರು. ಹೀಗೆ ಹುಟ್ಟಿದ ಆಟಗಳನ್ನು ಸಮ್ಮೇಳನದ ವೇದಿಕೆಗೆ ತಂದು, ದೊಡ್ಡ ಪರದೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಆಡಿ ತೋರಿಸುವುದು ಈಗ ಒಂದು ಪ್ರತ್ಯೇಕ ಪ್ರದರ್ಶನ ಪ್ರಕಾರವಾಗಿಯೇ ಬೆಳೆದಿದೆ. ಬ್ಲೂಬೆರಿ ಹಿಲ್ಸ್‌ನಲ್ಲಿರುವ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಜಾಗದಲ್ಲಿ ಐಟಿ ಪಾರ್ಕ್ ಕಟ್ಟುವ ಯೋಜನೆಯಿಂದ ಸುದ್ದಿಗೆ ಬಂದ ಮಂಗಳೂರಿನ ದೇರೆಬೈಲ್‌ನಂಥ ಬಡಾವಣೆಗಳಲ್ಲಿ ಈ ಪ್ರಕಾರಕ್ಕೆ ಪ್ರೇಕ್ಷಕರಾಗಬಲ್ಲವರು ಬೇಕಾದಷ್ಟು ಮಂದಿ ಇದ್ದಾರಾದರೂ, ನೋಡುವ ಕ್ರಮ ತಿಳಿಯದೆ ಹೋದರೆ ಅವರಿಗೆ ಅದು ಅರೆಬರೆ ಆಟಗಳ ಮೆರವಣಿಗೆಯಂತೆ ಕಾಣುವ ಸಂಭವವೇ ಹೆಚ್ಚು.

ಕರಾವಳಿಯವರಿಗೆ ಈ ಕ್ರಮ ತೀರ ಹೊಸದೇನಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರು ಪದ್ಯ ಹೇಳಿ ಮುಗಿಸಿದ ಕೂಡಲೇ ಅರ್ಥಧಾರಿ ಆಶುವಾಗಿ ಮಾತು ಕಟ್ಟುವ ತಾಳಮದ್ದಳೆಯನ್ನು ಕೇಳಿ ಬೆಳೆದವರು, ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ತೂಗುವಾಗ, ಪ್ರಸಂಗ ಮೊದಲೇ ಗೊತ್ತಿದ್ದುದನ್ನು ಕೊರತೆಯೆಂದು ಎಣಿಸಲಿಲ್ಲ, ರಂಗಸಜ್ಜಿಕೆ ಇಲ್ಲವೆಂದು ಗೊಣಗಲೂ ಇಲ್ಲ. ಎಲ್ಲರಿಗೂ ತಿಳಿದ ಪದ್ಯದಿಂದ ಆ ಇರುಳು ಯಾವ ಹೊಸ ವಾದ ಹೊರಟಿತು, ಎದುರಾಳಿಯ ಸವಾಲಿಗೆ ಯಾವ ಎಡೆಯಲ್ಲಿ ಉತ್ತರ ಒದಗಿತು ಎಂಬುದೇ ಅವರ ಚರ್ಚೆಯಾಗಿತ್ತು. ಜ್ಯಾಮ್ ಆಟವನ್ನು ನೋಡುವಾಗಲೂ ಕೇಳಿಕೊಳ್ಳಬೇಕಾದುದು ಇದನ್ನೇ: ಎಲ್ಲ ತಂಡಗಳಿಗೂ ಸಿಕ್ಕಿದ ಒಂದೇ ವಿಷಯದಿಂದ ಈ ತಂಡ ಯಾವ ಒಂದು ಆಲೋಚನೆಯನ್ನು ಹೊರತೆಗೆಯಿತು, ಅದಕ್ಕಾಗಿ ಉಳಿದ ಏನೆಲ್ಲವನ್ನು ಬಿಟ್ಟುಕೊಟ್ಟಿತು? ಬಿಟ್ಟುಕೊಟ್ಟದ್ದರ ಆಯ್ಕೆಯಲ್ಲಿಯೇ ಈ ಪ್ರಕಾರದ ಸೊಗಸಿನ ಬಹುಪಾಲು ಅಡಗಿದೆ.

ವೇದಿಕೆ ಮತ್ತು ಜ್ಯಾಮ್‌ಗಳ ನಂಟು ಜ್ಯಾಮ್ ಹುಟ್ಟಿದ ಕಾಲದಿಂದಲೇ ಬಂದದ್ದು. 2002ರಲ್ಲಿ ಅಮೆರಿಕದ ಓಕ್‌ಲ್ಯಾಂಡಿನಲ್ಲಿ ಕ್ರಿಸ್ ಹೆಕರ್ ಮತ್ತು ಶಾನ್ ಬ್ಯಾರೆಟ್ ಅವರ ಮುಂದಾಳತ್ವದಲ್ಲಿ ಸೇರಿದ ಪ್ರೋಗ್ರಾಮರುಗಳ ಗುಂಪು, ಪರದೆಯ ಮೇಲೆ ಏಕಕಾಲಕ್ಕೆ ಒಂದು ಲಕ್ಷ ಪುಟ್ಟ ಚಿತ್ರಗಳನ್ನು ಓಡಾಡಿಸಬಲ್ಲ ತಂತ್ರಾಂಶವೊಂದನ್ನು ಎದುರಿಗಿಟ್ಟುಕೊಂಡು, ಅದನ್ನು ಬಳಸಿ ಏನೇನು ಆಟ ಮಾಡಬಹುದೆಂದು ಕೆಲವೇ ದಿನಗಳಲ್ಲಿ ಪ್ರಯೋಗಿಸಿ ನೋಡಿತು. ಇಂಡೀ ಗೇಮ್ ಜ್ಯಾಮ್ ಎಂಬ ಆ ಕೂಟದ ಫಲವನ್ನು ಅದೇ ವರ್ಷ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ, ಜೊನಾಥನ್ ಬ್ಲೋ ಆರಂಭಿಸಿದ ಪ್ರಾಯೋಗಿಕ ಆಟಗಳ ಗೋಷ್ಠಿಯಲ್ಲಿ ತೋರಿಸಲಾಯಿತು. ಲುಡಂ ಡೇರ್ ಎಂಬ ಅಂತರ್ಜಾಲ ಜ್ಯಾಮ್ ಶುರುವಾದದ್ದೂ 2002ರಲ್ಲಿಯೇ. 2009ರಲ್ಲಿ 23 ದೇಶಗಳ 53 ಕೇಂದ್ರಗಳಲ್ಲಿ ಒಟ್ಟಿಗೆ ನಡೆದ ಗ್ಲೋಬಲ್ ಗೇಮ್ ಜ್ಯಾಮ್ ಈ ಪದ್ಧತಿಯನ್ನು ವರ್ಷಕ್ಕೊಮ್ಮೆ ಬರುವ ಹಬ್ಬವನ್ನಾಗಿ ಮಾಡಿತು. ಭಾರತದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನಾಸ್ಕಾಂನ ಗೇಮಿಂಗ್ ವೇದಿಕೆ ಬಿಲ್ಡ್ ಯುವರ್ ಓನ್ ಗೇಮ್ ಎಂಬ ಜ್ಯಾಮ್ ನಡೆಸಿ, ಅದರಲ್ಲಿ ಗೆದ್ದ ಆಟಗಳನ್ನು ತನ್ನ ವಾರ್ಷಿಕ ಡೆವಲಪರ್ ಸಮ್ಮೇಳನದಲ್ಲಿ ಪ್ರದರ್ಶಿಸುವ ರೂಢಿ ಹಾಕಿತು. ಅನಿಮೇಶನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿಯೇ 2012ರಲ್ಲಿ ನೀತಿ ರೂಪಿಸಿ ದೇಶದಲ್ಲಿ ಮೊದಲ ರಾಜ್ಯವೆನಿಸಿಕೊಂಡ ಕರ್ನಾಟಕದಲ್ಲಿ, ಬೆಂಗಳೂರಿನ ಗ್ಯಾಫೆಕ್ಸ್ ಸಮ್ಮೇಳನವು ಈ ಕ್ಷೇತ್ರದವರು ಕೂಡುವ ಮುಖ್ಯ ತಾಣ.

ಕರಾವಳಿಗೆ ಆಟ ತಯಾರಿಸುವ ಉದ್ಯಮವೇನೂ ಅಪರಿಚಿತವಲ್ಲ. ಉಡುಪಿಯ 99ಗೇಮ್ಸ್ ಸಂಸ್ಥೆ 2014ರಲ್ಲಿ ಹೊರತಂದ ಸ್ಟಾರ್ ಶೆಫ್ ಎಂಬ ಅಡುಗೆ ಆಟವನ್ನು ಫೋನಿನಲ್ಲಿ ಆಡಿದವರು ಈ ಭಾಗದಲ್ಲಿಯೂ ಸಿಗುತ್ತಾರೆ. ಆದರೆ ಅಂಥ ಆಟವನ್ನು ಅಳೆಯುವ ಕೋಲಿನಿಂದ ಜ್ಯಾಮ್ ಆಟವನ್ನು ಅಳೆಯಹೊರಟರೆ ಲೆಕ್ಕ ತಪ್ಪುತ್ತದೆ. ಮಾರುಕಟ್ಟೆಯ ಆಟ ಬಿಡುಗಡೆಯಾದ ಮೇಲೂ ವರ್ಷಗಟ್ಟಲೆ ತಿದ್ದುಪಡಿ ಕಾಣುತ್ತದೆ, ಆಡುವವರನ್ನು ಮರುದಿನವೂ ಕರೆತರುವುದು ಅದರ ಗುರಿ. ಜ್ಯಾಮ್ ಆಟಕ್ಕೆ ಮರುದಿನದ ಚಿಂತೆಯಿಲ್ಲ, ಹತ್ತು ನಿಮಿಷದಲ್ಲಿ ತನ್ನ ಮಾತು ಹೇಳಿ ಮುಗಿಸುವುದು ಅದರ ಕೆಲಸ.

ಪ್ರದರ್ಶನ ಶುರುವಾದೊಡನೆ ರಸಿಕರು ಗಮನಿಸಬೇಕಾದುದು ಚಿತ್ರಗಳನ್ನಲ್ಲ, ಆಡುವವರ ಕೈಗಳನ್ನು. ಚಿತ್ರಗಳಲ್ಲಿ, ಸದ್ದಿನ ತುಣುಕುಗಳಲ್ಲಿ ಕೆಲವು ಎರವಲು ತಂದವಾಗಿರಬಹುದು, ಅದನ್ನು ಒಪ್ಪುವ ಜ್ಯಾಮ್‌ಗಳೂ ಇವೆ. ವಸ್ತುಗಳ ಚಲನೆ, ಡಿಕ್ಕಿ, ಬೆಳಕು ಮುಂತಾದ ನಿತ್ಯದ ಕೆಲಸಗಳನ್ನು ಯೂನಿಟಿ, ಗೊಡೊ ಮೊದಲಾದ ಗೇಮ್ ಎಂಜಿನ್‌ಗಳು, ಅಂದರೆ ಆಟ ಕಟ್ಟುವುದಕ್ಕೆ ಬೇಕಾದ ಸಾಮಗ್ರಿಯನ್ನು ಮೊದಲೇ ಜೋಡಿಸಿಟ್ಟ ತಂತ್ರಾಂಶಗಳು, ನೋಡಿಕೊಳ್ಳುತ್ತವೆ. ತಂಡದವರು ನಿಜವಾಗಿ ಕಟ್ಟಿದ್ದು ನಿಯಮವನ್ನು, ಎಂದರೆ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಆದದ್ದಕ್ಕೆ ಆಟ ಏನು ಪ್ರತಿಕ್ರಿಯೆ ಕೊಡುತ್ತದೆ, ಅದರಿಂದ ಆಡುವವರು ಮತ್ತೇನು ಮಾಡಬೇಕಾಗುತ್ತದೆ ಎಂಬ ಸುತ್ತನ್ನು. ಈ ಸುತ್ತಿಗೆ ವೃತ್ತಿಯವರು ಕೋರ್ ಲೂಪ್ ಎನ್ನುತ್ತಾರೆ. ಅರ್ಧ ನಿಮಿಷ ನೋಡಿದ ಮೇಲೂ ಆ ಸುತ್ತು ಹಿಡಿತಕ್ಕೆ ಬಾರದಿದ್ದರೆ ದೋಷ ಪ್ರೇಕ್ಷಕರದಲ್ಲ.

2013ರ ಗ್ಲೋಬಲ್ ಗೇಮ್ ಜ್ಯಾಮ್‌ನಲ್ಲಿ ವಿಷಯವೆಂದು ಕೊಟ್ಟದ್ದು ಮಾತನ್ನಲ್ಲ, ಎದೆ ಬಡಿತದ ಸದ್ದನ್ನು. ಅದನ್ನು ಕೇಳಿದ ಲಂಡನ್ನಿನ ಬೋಸಾ ಸ್ಟುಡಿಯೋಸ್‌ನ ತಂಡ ಹೃದಯ ಬದಲಾಯಿಸುವ ಶಸ್ತ್ರಚಿಕಿತ್ಸೆಯ ಆಟವೊಂದನ್ನು ಮಾಡಿತು. ಸರ್ಜನ್ ಸಿಮ್ಯುಲೇಟರ್ ಎಂಬ ಹೆಸರಿನಲ್ಲಿ ಮುಂದೆ ಮಾರುಕಟ್ಟೆಗೂ ಬಂದ ಈ ಆಟದಲ್ಲಿ ವೈದ್ಯನ ಒಂದೊಂದು ಬೆರಳಿಗೆ ಕೀಲಿಮಣೆಯ ಒಂದೊಂದು ಗುಂಡಿಯಿದ್ದು, ತೋಳು ಮೌಸ್ ಹಿಡಿದತ್ತ ತೂಗಾಡುತ್ತದೆ. ಸುತ್ತಿಗೆ ಎತ್ತಲು ಹೋದ ಕೈ ಗಡಿಯಾರವನ್ನು ರೋಗಿಯ ಎದೆಗೂಡಿನೊಳಗೆ ಬೀಳಿಸಿದರೆ ಅದನ್ನು ಹೆಕ್ಕಲು ಮತ್ತೆ ಐದು ಬೆರಳುಗಳ ಜೊತೆ ಗುದ್ದಾಡಬೇಕು. ವೇದಿಕೆಯ ಮೇಲೆ ಇಂಥ ಆಟಕ್ಕೆ ಸಭೆ ನಗುತ್ತದೆ. ನಗುವುದೂ ಸರಿಯೇ. ಆದರೆ ಆ ನಗು ಹುಟ್ಟಿದ್ದು ಚಿತ್ರದಿಂದಲ್ಲ, ನೀರು ಕುಡಿದಷ್ಟು ಸಲೀಸಾದ ಹಿಡಿಯುವ ಕ್ರಿಯೆಯನ್ನು ಐದು ತುಂಡಾಗಿ ಒಡೆದಿಟ್ಟ ನಿಯಮದಿಂದ ಎಂಬುದನ್ನು ಗುರುತಿಸಿದವರಿಗೆ ಇಡೀ ಆಟದ ಗುಟ್ಟು ಕೈಗೆ ಸಿಕ್ಕಂತೆ.

ಮರುವರ್ಷದ ವಿಷಯ, ಜನ ವಸ್ತುಗಳನ್ನು ಅವು ಇರುವಂತೆ ಕಾಣದೆ ತಾವಿರುವಂತೆ ಕಾಣುತ್ತಾರೆ ಎಂಬರ್ಥದ ಒಂದು ವಾಕ್ಯವಾಗಿತ್ತು. ಕೆನಡಾದ ಒಟ್ಟಾವಾದ ತಂಡವೊಂದು ಅದಕ್ಕೆ ಉತ್ತರವಾಗಿ, ಒಬ್ಬನ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಸಾಧನ ಕಟ್ಟಿ ಅವನೆದುರು ಸಿಡಿಯಲಿರುವ ಬಾಂಬೊಂದನ್ನು ಇಟ್ಟು, ಅದನ್ನು ನಿಷ್ಕ್ರಿಯಗೊಳಿಸುವ ವಿವರಗಳ ಕಾಗದದ ಹಾಳೆಗಳನ್ನು ಉಳಿದವರ ಕೈಗೆ ಕೊಟ್ಟಿತು. ಬಾಂಬು ಕಂಡವನಿಗೆ ಹಾಳೆ ಕಾಣದು, ಹಾಳೆ ಹಿಡಿದವರಿಗೆ ಬಾಂಬು ಕಾಣದು, ನಡುವೆ ಇರುವುದು ಮಾತು ಮಾತ್ರ. ಕೀಪ್ ಟಾಕಿಂಗ್ ಆ್ಯಂಡ್ ನೋಬಡಿ ಎಕ್ಸ್‌ಪ್ಲೋಡ್ಸ್ ಎಂಬ ಈ ಆಟ ಸಮ್ಮೇಳನದ ಸಭಾಂಗಣಕ್ಕೆ ಹೇಳಿ ಮಾಡಿಸಿದಂಥದು, ಏಕೆಂದರೆ ಹಾಳೆಗಳನ್ನು ಮುಂದಿನ ಸಾಲಿಗೆ ಹಂಚಿದರೆ ಪ್ರೇಕ್ಷಕರೇ ಆಟಗಾರರಾಗುತ್ತಾರೆ. ಎಲ್ಲ ಒಳ್ಳೆಯ ಆಟಗಳಿಗೂ ಈ ಭಾಗ್ಯವಿಲ್ಲ. ಒಬ್ಬರೇ ಕುಳಿತು ನಿಧಾನವಾಗಿ ಬಿಡಿಸಬೇಕಾದ ಒಗಟಿನ ಆಟಗಳು ವೇದಿಕೆಯ ಮೇಲೆ ಪೇಲವವಾಗಿ ಕಾಣುವುದುಂಟು. ಫಿನ್ಲೆಂಡಿನ ಆರ್ವಿ ತೈಕಾರಿ 2017ರ ನಾರ್ಡಿಕ್ ಗೇಮ್ ಜ್ಯಾಮ್‌ನಲ್ಲಿ ಮಾಡಿದ ಬಾಬಾ ಈಸ್ ಯೂ ಆಟದಲ್ಲಿ ನಿಯಮಗಳೇ ಪದಗಳ ಇಟ್ಟಿಗೆಗಳಾಗಿ ಅಂಗಳದಲ್ಲಿ ಬಿದ್ದಿರುತ್ತವೆ. ಗೋಡೆ ತಡೆಯುತ್ತದೆ ಎಂಬ ವಾಕ್ಯದಿಂದ ಒಂದು ಪದವನ್ನು ಪಕ್ಕಕ್ಕೆ ತಳ್ಳಿದರೆ ಗೋಡೆ ತಡೆಯುವುದನ್ನು ಬಿಟ್ಟುಬಿಡುತ್ತದೆ. ಇದರ ಸವಿ ಇರುವುದು ತಾನೇ ತಳ್ಳಿ ನೋಡುವುದರಲ್ಲಿ, ಬೇರೆಯವರು ತಳ್ಳಿದ್ದನ್ನು ಕಾಣುವುದರಲ್ಲಿ ಅದರ ಅರ್ಧವೂ ಇಲ್ಲ. ಆದ್ದರಿಂದ ಚಪ್ಪಾಳೆಯ ಅಬ್ಬರವನ್ನು ಆಟದ ಬೆಲೆಯೆಂದು ತಿಳಿಯಬಾರದು, ಪ್ರಶಸ್ತಿಗಳನ್ನೂ ಅಷ್ಟೇ ಎಚ್ಚರದಿಂದ ನೋಡುವುದು ಒಳ್ಳೆಯದು.

ವಿಷಯಕ್ಕೂ ಆಟಕ್ಕೂ ಇರುವ ಸಂಬಂಧವನ್ನು ಅಳೆಯುವುದು ಸ್ವಲ್ಪ ಸೂಕ್ಷ್ಮದ ಕೆಲಸ. 2022ರ ಗ್ಲೋಬಲ್ ಗೇಮ್ ಜ್ಯಾಮ್‌ನ ವಿಷಯ ದ್ವಂದ್ವ ಎಂಬುದಾಗಿತ್ತು. ತುಳುನಾಡಿನ ತಂಡವೊಂದು ಅದಕ್ಕೆ ಚೆನ್ನೆಮಣೆಯನ್ನು ಎತ್ತಿಕೊಂಡಿತೆಂದು ಕಲ್ಪಿಸಿಕೊಂಡರೆ, ಏಳೇಳು ಗುಳಿಗಳ ಎರಡು ಸಾಲಿನ ಮಣೆಯನ್ನು ಪರದೆಯ ಮೇಲೆ ಚಂದವಾಗಿ ಬಿಡಿಸಿ ಇಬ್ಬರು ಆಟಗಾರರನ್ನು ಕೂರಿಸಿದಷ್ಟಕ್ಕೆ ವಿಷಯ ಬಂದಂತಾಗುವುದಿಲ್ಲ. ಅಲ್ಲಿರುವುದು ಎರಡು ಎಂಬ ಲೆಕ್ಕ ಮಾತ್ರ. ತುಳುವಿನ ಮೌಖಿಕ ಕಾವ್ಯವಾದ ಸಿರಿ ಪಾಡ್ದನದಲ್ಲಿ ಚೆನ್ನೆ ಆಡುತ್ತಲೇ ಜಗಳಕ್ಕೆ ಬಿದ್ದು ದುರಂತ ಕಂಡ ಅವಳಿ ಅಕ್ಕತಂಗಿಯರಾದ ಅಬ್ಬಗ ದಾರಗರ ಕಥೆಯನ್ನು ನಡುನಡುವೆ ಅಕ್ಷರದಲ್ಲಿ ತೋರಿಸಿದರೆ ಕಥೆ ಸೇರಿತು, ಆಟ ಇನ್ನೂ ಹೊರಗೇ ಉಳಿಯಿತು. ಒಬ್ಬರೇ ಆಟಗಾರರು ಎರಡೂ ಸಾಲನ್ನು ಆಡಬೇಕು, ಒಂದು ಕಡೆ ಕಾಯಿ ಗೆದ್ದಷ್ಟೂ ಇನ್ನೊಂದು ಕಡೆಯ ಸಿಟ್ಟು ಏರಬೇಕು, ಸಿಟ್ಟಿನಲ್ಲಿ ಹೊಡೆಯಲು ಮಣೆಯನ್ನು ಯಾರೂ ಎತ್ತದಂತೆ ಸೋಲು ಗೆಲುವನ್ನು ಸರಿದೂಗಿಸಿಕೊಂಡು ಹೋಗುವುದೇ ಗುರಿಯಾಗಬೇಕು. ಆಗ ದ್ವಂದ್ವ ನಿಯಮದೊಳಕ್ಕೆ ಇಳಿಯಿತೆನ್ನಬಹುದು. ಹೊಸ ರಸಿಕರು ಮೊದಲು ಮೆಚ್ಚುವುದು ಚಿತ್ರವನ್ನು, ಆಮೇಲೆ ಕಥೆಯನ್ನು. ನಿಯಮವನ್ನು ಮೆಚ್ಚುವ ಹಂತ ತಲುಪಲು ಹತ್ತಾರು ಆಟಗಳನ್ನು ನೋಡಬೇಕಾಗುತ್ತದೆ.

ಕೊರತೆಗಳಲ್ಲಿ ಮನ್ನಿಸಬೇಕಾದವು ಯಾವುವು, ಮನ್ನಿಸಬಾರದವು ಯಾವುವು ಎಂಬ ವಿವೇಕವೂ ಬೇಕು. ಗೋಡೆಯೊಳಗೆ ಕಾಲು ಹೂತುಹೋಗುವುದು, ಸದ್ದು ತಡವಾಗಿ ಬರುವುದು, ನಡುವೆ ಆಟ ನಿಂತೇ ಹೋಗುವುದು ಇವೆಲ್ಲ ಬಗ್ ಎನಿಸಿಕೊಳ್ಳುವ ತಾಂತ್ರಿಕ ದೋಷಗಳು. ನಿದ್ದೆಗೆಟ್ಟು ಮಾಡಿದ ಕೆಲಸದಲ್ಲಿ ಅವು ಸಹಜವೆಂದು ಬಿಡಬಹುದು. ಆದರೆ ಆರು ಆಯುಧ, ನಾಲ್ಕು ಲೋಕ, ಅಂಕಪಟ್ಟಿ ಎಲ್ಲವನ್ನೂ ತುರುಕಿ ಯಾವುದನ್ನೂ ಮುಗಿಸದೆ ತಂದಿರುವ ಆಟಕ್ಕೆ ಆ ರಿಯಾಯಿತಿ ಸಲ್ಲದು, ಏಕೆಂದರೆ ಅದು ಸಮಯದ ಅಭಾವವಲ್ಲ, ಆಯ್ಕೆಯ ಅಭಾವ. ಪ್ರದರ್ಶನಕ್ಕೆ ಬಂದಿರುವುದು 48 ಗಂಟೆ ಮುಗಿದಾಗ ಸಲ್ಲಿಸಿದ ಬಿಲ್ಡ್, ಅಂದರೆ ಆಡಲು ಸಿದ್ಧವಾದ ಆವೃತ್ತಿಯೇ, ಅಥವಾ ಆಮೇಲೆ ವಾರಗಟ್ಟಲೆ ತಿದ್ದಿದ್ದೇ ಎಂಬುದನ್ನು ನಿರೂಪಕರು ಹೇಳದಿದ್ದರೆ ಪ್ರಶ್ನೋತ್ತರದ ಹೊತ್ತಿಗೆ ಕೇಳುವುದರಲ್ಲಿ ತಪ್ಪಿಲ್ಲ. ಯಾವ ಎಂಜಿನ್ ಬಳಸಿದಿರಿ, ಇದರಿಂದ ದುಡ್ಡು ಹೇಗೆ ಬರುತ್ತದೆ ಎಂಬ ಪ್ರಶ್ನೆಗಳು ಪ್ರತಿ ಸಭೆಯಲ್ಲಿಯೂ ಏಳುತ್ತವೆ, ಅವುಗಳಿಂದ ಆಟದ ಬಗ್ಗೆ ಏನೂ ತಿಳಿಯುವುದಿಲ್ಲ. ಮೊದಲ ರಾತ್ರಿ ಏನನ್ನು ಕೈಬಿಟ್ಟಿರಿ ಎಂದು ಕೇಳಿದರೆ ಮಾತು ಬಿಚ್ಚಿಕೊಳ್ಳುತ್ತದೆ.

ವೇದಿಕೆಯ ಕಾರ್ಯಕ್ರಮ ಮುಗಿದ ಮೇಲೆ ಹೊರಗಿನ ಮೇಜುಗಳ ಮೇಲೆ ಆಟಗಳನ್ನು ಆಡಲು ಇಡುವ ಪದ್ಧತಿ ಹಲವು ಸಮ್ಮೇಳನಗಳಲ್ಲಿದೆ. ಅಲ್ಲಿ ಕುಳಿತವರು ಸೂಚನೆ ಕೇಳದೆ ಆಡಿ ನೋಡುವುದೇ ತಯಾರಕರಿಗೆ ಮಾಡುವ ಉಪಕಾರ, ಪ್ರೇಕ್ಷಕ ಎಲ್ಲಿ ತಡವರಿಸಿದನೆಂಬುದನ್ನು ಅವರು ಹಿಂದೆ ನಿಂತು ಗುರುತು ಹಾಕಿಕೊಳ್ಳುತ್ತಿರುತ್ತಾರೆ. ಸಮ್ಮೇಳನಕ್ಕೆ ಹೋಗಲಾಗದವರಿಗೆ ಗ್ಲೋಬಲ್ ಗೇಮ್ ಜ್ಯಾಮ್‌ನ ಜಾಲತಾಣದಲ್ಲಿ ಆಯಾ ವರ್ಷದ ಆಟಗಳು ಮೂಲ ಸಂಕೇತದ ಸಮೇತ ಸಿಗುತ್ತವೆ, ಒಂದೇ ವಿಷಯದ ನಾಲ್ಕಾರು ಆಟಗಳನ್ನು ಒಂದರ ಮೇಲೊಂದು ಆಡಿ ಹೋಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಭಂಡಾರವಿಲ್ಲ. 2020ರ ಕೊನೆಗೆ ಅಡೋಬಿ ಕಂಪನಿ ಫ್ಲ್ಯಾಶ್ ತಂತ್ರಾಂಶವನ್ನು ನಿಲ್ಲಿಸಿದ್ದರಿಂದ ಅದರಲ್ಲಿ ಮಾಡಿದ ಹಳೆಯ ಆಟಗಳು ಈಗಿನ ಬ್ರೌಸರುಗಳಲ್ಲಿ ನೇರವಾಗಿ ತೆರೆಯುವುದಿಲ್ಲವಾದ ಕಾರಣ, ಇತ್ತೀಚಿನ ವರ್ಷಗಳಿಂದ ಹಿಂದಕ್ಕೆ ನೋಡುತ್ತ ಹೋಗುವುದು ಅನುಕೂಲ.