ಮಹಾನವಮಿಯ ಬಿಸಿಲಿಗೆ ಕೌದಿ

ಮಹಾನವಮಿ ಹತ್ತಿರ ಬಂತೆಂದರೆ ಬಾದಾಮಿ, ಹುನಗುಂದ ಸೀಮೆಯ ಮನೆಗಳ ಹಾಸಿಗೆ-ಹೊದಿಕೆಗಳೆಲ್ಲ ಹಳ್ಳಕ್ಕೆ, ಹೊಳೆಗೆ ಹೊರಡುತ್ತವೆ. ಒಗೆದ ಕೌದಿಗಳನ್ನು ಬಂಡೆಗಳ ಮೇಲೆ ಹರವಿದಾಗಲೇ ಅವುಗಳ ಚಂದ ಪೂರ್ತಿ ಕಾಣುವುದು.

ಕೌದಿಗೆ ಹೊಸ ಬಟ್ಟೆ ಬೇಕಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಚೌಕ, ತ್ರಿಕೋನವಾಗಿ ಜೋಡಿಸಿ, ದಪ್ಪ ದಾರದಿಂದ ಸಾಲು ಸಾಲಾಗಿ ಹೊಲಿಯುತ್ತಾರೆ. ಪದರಗಳನ್ನು ಹಿಡಿದಿಡುವುದೂ ಆ ಹೊಲಿಗೆಯೇ, ಅಲಂಕಾರವೂ ಅದೇ.

ಈ ಸೀಮೆಯ ಕೌದಿಗೆ ಬಣ್ಣದ ಬಡತನವಿಲ್ಲ. ಕಾರಣ ಇಳಕಲ್ಲಿನ ಸೀರೆ; ಅಲ್ಲಿ ಮೊದಲು ನೂಲಿಗೆ ಬಣ್ಣ ಹಾಕಿ ಆಮೇಲೆ ನೇಯುತ್ತಾರೆ. ಹಾಗಾಗಿ ಬಟ್ಟೆಯ ಎರಡೂ ಮೈಗೆ ಒಂದೇ ರಂಗು. ದಾಳಿಂಬೆ ಕೆಂಪು, ಗಿಳಿ ಹಸಿರು, ಕಡುನೀಲಿ! ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ನೇಯ್ದ ಆ ಸೀರೆ, ಉಟ್ಟು ಸವೆದ ಮೇಲೆ ಕೌದಿಯಲ್ಲಿ ಇನ್ನೊಮ್ಮೆ ಬಾಳುತ್ತದೆ. ನಡುನಡುವೆ ಗುಳೇದಗುಡ್ಡದ ರವಿಕೆ ಖಣದ ಚೂರುಗಳು ಮಿನುಗುತ್ತವೆ. ಸವೆದ ನೂಲಿನ ಮೆದುತನ ಹೊಸ ರಗ್ಗಿಗೆ ಎಲ್ಲಿಂದ ಬರಬೇಕು? ಬನಶಂಕರಿ ಜಾತ್ರೆಯ ದಿನಗಳ ಚಳಿಗೆ ಕೌದಿಗಿಂತ ಹಿತವಾದ ಹೊದಿಕೆ ಇಲ್ಲ. ಹರಿದಲ್ಲಿ ಇನ್ನೊಂದು ತುಂಡು ಹಚ್ಚಿದರಾಯಿತು, ಚಂದ ಮತ್ತಷ್ಟು ಹೆಚ್ಚುತ್ತದೆ.

ಈ ಹಬ್ಬಕ್ಕೆ ಟ್ರಂಕು ತೆಗೆದಾಗ ಅಜ್ಜಿಯ ನೂಲಿನ ಸೀರೆಗಳನ್ನು ಪಾತ್ರೆ ಮಾರುವವರಿಗೆ ಕೊಡಬೇಡಿ. ಕೌದಿ ಹೊಲಿಯುವವರನ್ನು ಹುಡುಕಿ, ಕೂಲಿಯಲ್ಲಿ ಚೌಕಾಸಿ ಮಾಡದೆ ಹೊಲಿಸಿಕೊಳ್ಳಿ. ಬಟ್ಟೆ ನಿಮ್ಮದಾದರೂ ಕಲೆ ಅವರದು.