ಮಹಾಮಾರಿ ಮತ್ತು ಹೃದಯ ಸ್ತಂಭನ: ಪ್ಯಾರಿಸ್ ಅಧ್ಯಯನವನ್ನು ಓದುವ ಬಗೆ

ಹೃದಯಾಘಾತ, ಹೃದಯ ಸ್ತಂಭನ ಎರಡೂ ಒಂದೇ ಎಂದು ನೀವು ತಿಳಿದಿರಬಹುದು. ಹಾಗಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡರೆ ಅದು ಹೃದಯಾಘಾತ. ಹೃದಯವು ರಕ್ತವನ್ನು ಪಂಪು ಮಾಡುವುದೇ ಥಟ್ಟನೆ ನಿಂತರೆ ಅದು ಹೃದಯ ಸ್ತಂಭನ. ಆಗ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗತೊಡಗುತ್ತದೆ. ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲಿದ್ದವರು ಎದೆಯನ್ನು ಒತ್ತುತ್ತಿದ್ದರೆ ಬದುಕುವ ಸಾಧ್ಯತೆ ಹೆಚ್ಚುತ್ತದೆ.

ಕೋವಿಡ್ ಕಾಲದಲ್ಲಿ ಈ ಆರೈಕೆ ಏನಾಯಿತು? ಪ್ಯಾರಿಸ್ ಮತ್ತು ಅದರ ಉಪನಗರಗಳನ್ನು ಕುರಿತ ಅಧ್ಯಯನವೊಂದು 2020ರಲ್ಲಿ 'ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವರ್ಷದ ಮಾರ್ಚ್ 16ರಿಂದ ಏಪ್ರಿಲ್ 26ರವರೆಗೆ ಅಲ್ಲಿ ಆಸ್ಪತ್ರೆಯ ಹೊರಗೆ 521 ಹೃದಯ ಸ್ತಂಭನಗಳಾದವು. 2012ರಿಂದ 2019ರವರೆಗಿನ ಎಂಟು ವರ್ಷಗಳ ಇದೇ ವಾರಗಳಲ್ಲಿ ಆದವು ಒಟ್ಟು 3052. ಜೀವಂತವಾಗಿ ಆಸ್ಪತ್ರೆ ಸೇರಿದವರ ಪ್ರಮಾಣ ಶೇ. 22.8ರಿಂದ 12.8ಕ್ಕೆ ಇಳಿಯಿತು.

ಹೃದಯ ಸ್ತಂಭನದ ಪ್ರಮಾಣ 'ದುಪ್ಪಟ್ಟಾಯಿತು' ಎಂಬುದೇ ಈ ಅಧ್ಯಯನದಿಂದ ಹೆಚ್ಚು ಪ್ರಚಾರ ಪಡೆದ ಮಾತು. ಅದು ಉತ್ತುಂಗದ ವಾರಕ್ಕಷ್ಟೇ ಸಲ್ಲುತ್ತದೆ. 3052ನ್ನು ಎಂಟರಿಂದ ಭಾಗಿಸಿ. ವರ್ಷಕ್ಕೆ ಸುಮಾರು 381. ಅಂದರೆ ಆರು ವಾರಗಳ ಒಟ್ಟು ಏರಿಕೆ ಸುಮಾರು ಶೇ. 37.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ಕೋವಿಡ್‌ನಿಂದ ತೀರಾ ಹದಗೆಟ್ಟವರು ಸೇರಿಕೊಂಡದ್ದರಿಂದಲೇ ಶೇಕಡಾವಾರು ಇಳಿಯಿತೇ? ಲೆಕ್ಕ ಹಾಕಿ ನೋಡಿ. ಹಾಗಿದ್ದರೆ ಛೇದ ದೊಡ್ಡದಾಗಬೇಕು, ಅಂಶ ಮೊದಲಿನಷ್ಟೇ ಇರಬೇಕು. ಆದರೆ 381ರ ಶೇ. 22.8 ಎಂದರೆ ಸುಮಾರು 87 ಜನ, 521ರ ಶೇ. 12.8 ಎಂದರೆ ಸುಮಾರು 67 ಜನ. ಅಂಶವೇ ಕುಗ್ಗಿದೆ! ಮೊದಲಾಗಿದ್ದರೆ ಆಸ್ಪತ್ರೆ ತಲುಪಬಹುದಾಗಿದ್ದ ಕೆಲವರು ಈಗ ತಲುಪಲಿಲ್ಲ ಎಂಬುದರ ಸುಳಿವು ಇದು. ಏರಿಕೆಯಲ್ಲಿ ಖಚಿತ ಅಥವಾ ಶಂಕಿತ ಕೋವಿಡ್‌ನ ಪಾಲು ಮೂರನೆಯ ಒಂದರಷ್ಟು ಮಾತ್ರ.

ಹಾಗಾದರೆ ಎಡವಿದ್ದೆಲ್ಲಿ? ಮನೆಯಲ್ಲೇ ಕುಸಿದವರು ಶೇ. 76.8ರಿಂದ 90.2ಕ್ಕೆ ಏರಿದರು. ಹತ್ತಿರವಿದ್ದವರಿಂದ ಎದೆ ಒತ್ತುವ ನೆರವು ಸಿಕ್ಕಿದ್ದು ಶೇ. 63.9ರಿಂದ 47.8ಕ್ಕೆ ಇಳಿಯಿತು. ತುರ್ತು ಸಿಬ್ಬಂದಿಯ ನೆರವು ದೊರೆಯಲು ಆದ ವಿಳಂಬ ಒಂದು ನಿಮಿಷವಷ್ಟೇ ಹೆಚ್ಚಿತು. ವಾಹನಕ್ಕಿಂತ ಮೊದಲು ಸಿಗಬೇಕಾದ ಕೈಗಳೇ ಕಡಿಮೆಯಾದವು.

ಅಧ್ಯಯನಕ್ಕೆ ಮಿತಿಗಳೂ ಇವೆ. ಇದು ಹಿಂದಿನದಕ್ಕೂ ಇಂದಿನದಕ್ಕೂ ಮಾಡಿದ ಹೋಲಿಕೆ; ಯಾವ ಕಾರಣದ ಪಾಲು ಎಷ್ಟೆಂದು ಇದರಿಂದ ಬಿಡಿಸಿ ಹೇಳಲಾಗದು. ನಮ್ಮ 87 ಎಂಬುದೂ ಸರಾಸರಿಯೇ. ವರ್ಷದಿಂದ ವರ್ಷಕ್ಕೆ ಅದು ಏರಿಳಿದಿರಬಹುದು. ಇಲ್ಲಿ 'ಉಳಿದವರು' ಎಂದರೆ ಆಸ್ಪತ್ರೆಯ ಬಾಗಿಲು ತಲುಪಿದವರು, ಗುಣವಾಗಿ ಮನೆಗೆ ಮರಳಿದವರಲ್ಲ.

ಸೋಂಕಿನ ಭಯವಿದ್ದಾಗ ಏನು ಮಾಡಬೇಕು? ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಹಿಂಜರಿಕೆಯಿದ್ದರೂ ಎದೆ ಒತ್ತುವುದನ್ನು ಬಿಡಬಾರದು. ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರು ಆಳಕ್ಕೆ ಒತ್ತಬೇಕು. ಶಿಕ್ಷಕರೇ, ಮೇಲಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಿ. ಎದೆ ಒತ್ತುವುದನ್ನು ಬಲ್ಲವರಿಂದ, ಬೊಂಬೆಯ ಮೇಲೆ, ಕಲಿಸಿ. ಹತ್ತರಲ್ಲಿ ಒಂಬತ್ತು ಮಂದಿ ಕುಸಿದದ್ದು ಮನೆಯಲ್ಲಿ. ಅಲ್ಲಿ ಪಕ್ಕದಲ್ಲಿರುವವರು ನಿಮ್ಮ ವಿದ್ಯಾರ್ಥಿಗಳೇ ಇರಬಹುದು.