ಹೂಂಗುಟ್ಟುವ ಕಪ್ಪು ಪರದೆ

ಹುಣಸೂರಿನ ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಅರ್ಧ ಲೋಟಕ್ಕೆ ಇಳಿಯುವ ಹೊತ್ತಿಗೆ ನಾನು ಲ್ಯಾಪ್‌ಟಾಪ್ ತೆರೆದು ಪೈಥಾನನ್ನು ಕರೆದಿರುತ್ತೇನೆ. ಕಪ್ಪು ಪರದೆಯ ಎಡತುದಿಯಲ್ಲಿ, ಚೆನ್ನಾಗಿ ಹದವಾದ ಹೊಗೆಸೊಪ್ಪಿನ ನಿಂಬೆಹಳದಿಯಲ್ಲಿ, ಒಂದೇ ಒಂದು ಪದ ಮೂಡುತ್ತದೆ: ಹೇಳಿ. ಪಕ್ಕದಲ್ಲಿ ಕರ್ಸರ್ ಮಿಣಮಿಣ ಎನ್ನುತ್ತದೆ. ಮನೆಗೆ ಬಂದವರನ್ನು ಜಗಲಿ ಮೇಲೆ ಕೂರಿಸಿ, ನೀರು ಕೊಟ್ಟು, ಎದುರಿಗೆ ಕುಳಿತು ‘ಹೇಳಿ’ ಎನ್ನುತ್ತೇವಲ್ಲ, ಆ ಹೇಳಿ. ಅದರಲ್ಲಿ ಅವಸರವಿಲ್ಲ. ಕೇಳಿಸಿಕೊಳ್ಳಲು ಪುರುಸೊತ್ತು ಮಾಡಿಕೊಂಡು ಕೂತವರ ಮಾತು ಅದು.

ಈ ಪದವನ್ನು ಅಲ್ಲಿ ಕೂರಿಸಿದ್ದು ನಾನು. ಪೈಥಾನ್ ತಾನಾಗಿ ತೋರಿಸುವುದು ಮೂರು ಬಾಣಮೊನೆಗಳನ್ನು: >>>. ಗೈಡೋ ವಾನ್ ರೋಸಮ್ 1991ರಲ್ಲಿ ಹೊರತಂದ ಈ ಭಾಷೆಯನ್ನು ಎರಡು ಬಗೆಯಲ್ಲಿ ಬಳಸಬಹುದು. ಇಡೀ ಪ್ರೋಗ್ರಾಂ ಬರೆದು ಕಡತದಲ್ಲಿಟ್ಟು ಒಮ್ಮೆಗೇ ಓಡಿಸುವುದು ಒಂದು. ಎದುರಾಬದುರು ಕೂತು ಒಂದೊಂದೇ ಸಾಲು ಹೇಳಿ, ಒಂದೊಂದಕ್ಕೂ ಆಗಲೇ ಉತ್ತರ ಪಡೆಯುವುದು ಇನ್ನೊಂದು. ಈ ಎರಡನೆಯದಕ್ಕೆ ಶೆಲ್ ಎಂದು ಹೆಸರು. ‘ಈಗ ನಿನ್ನ ಸರದಿ’ ಎಂದು ಅದು ತೋರುವ ಗುರುತಿಗೆ ಪ್ರಾಂಪ್ಟ್. ಮೊದಲನೆಯದು ಕಾಗದ ಬರೆದು ಅಂಚೆಗೆ ಹಾಕಿದ ಹಾಗೆ, ಎರಡನೆಯದು ಹರಟೆ. ನಾನು ಹರಟೆಯ ಕಡೆಯವನು.

ಆ ಬಾಣಮೊನೆಗಳು ‘ಸಿಸ್’ ಎಂಬ ಮಾಡ್ಯೂಲಿನಲ್ಲಿ ‘ಪಿಎಸ್1’ ಎಂಬ ಹೆಸರಿನಲ್ಲಿ ಕೂತಿವೆ. ಆ ಹೆಸರಿಗೆ ಬೇರೆ ಪದ ಕೊಟ್ಟರೆ ಮರುಸಾಲಿನಿಂದಲೇ ಪ್ರಾಂಪ್ಟ್ ಬದಲು. ಒಂದು ಸಾಲಿನ ಕೆಲಸ. ಆದರೆ ನಾನು ಮನಸೋತದ್ದು ಅದರ ತಂಗಿ ‘ಪಿಎಸ್2’ಗೆ. ಮಾತು ಮುಗಿಯದೆ ಮುಂದಿನ ಸಾಲಿಗೆ ಹೋದಾಗ, ತೆರೆದ ಆವರಣ ಮುಚ್ಚದಿದ್ದಾಗ, ಪೈಥಾನ್ ಮೂರು ಚುಕ್ಕಿ ಇಟ್ಟು ಕಾಯುತ್ತದೆ. ಆ ಚುಕ್ಕಿಗಳ ಜಾಗಕ್ಕೆ ಏನು ಹಾಕಲಿ ಎಂದು ಯೋಚಿಸುತ್ತಿದ್ದಾಗ ಅಜ್ಜಿ ನೆನಪಾದಳು. ರಾತ್ರಿ ಕಥೆ ಹೇಳಲು ಅಜ್ಜಿಯದು ಒಂದೇ ಷರತ್ತು: ಹೂಂಗುಟ್ಟಬೇಕು. ಮಾತಿಗೊಂದು ‘ಹೂಂ’ ಬೀಳದಿದ್ದರೆ ರಾಜಕುಮಾರ ಏಳು ಸಮುದ್ರದ ನಡುವೆಯೇ ನಿಂತುಬಿಡುತ್ತಿದ್ದ. ನಾನಿನ್ನೂ ಎದ್ದಿದ್ದೇನೆ, ಮುಂದೆ ಹೇಳು ಎನ್ನುವುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಪುಟ್ಟ, ಅದಕ್ಕಿಂತ ಬೆಚ್ಚಗಿನ ಮಾತಿಲ್ಲ. ಪಿಎಸ್2ರ ಕೆಲಸ ಗುಲಗಂಜಿ ತೂಕವೂ ಹೆಚ್ಚುಕಡಿಮೆಯಿಲ್ಲದೆ ಅದೇ. ಹಾಗಾಗಿ ಈಗ ನನ್ನ ಪರದೆ ಹೂಂಗುಟ್ಟುತ್ತದೆ. ಹೇಳಿ, ಎನ್ನುತ್ತದೆ. ಶುರು ಮಾಡುತ್ತೇನೆ. ಹೂಂ, ಎನ್ನುತ್ತದೆ. ಇನ್ನೊಂದು ಸಾಲು. ಹೂಂ. ಮತ್ತೊಂದು ಸಾಲು. ಹೂಂ. ಕೊನೆಗೆ ಒಂದು ಖಾಲಿ ಸಾಲು ಬಿಟ್ಟೊಡನೆ ಕಥೆ ಮುಗಿಯಿತೆಂದು ತಿಳಿದು, ಕೇಳಿದ್ದನ್ನೆಲ್ಲ ಕೂಡಿಸಿಕೊಂಡು ಕೆಲಸಕ್ಕೆ ಕೂರುತ್ತದೆ.

‘ಹೇಳಿ’, ‘ಹೂಂ’ಗಳ ಜೋಡಿ ಕಿವಿಗೆ ಇಂಪಾದರೆ ಸಾಲದು, ಕಣ್ಣಿಗೂ ನೇರ ನಿಲ್ಲಬೇಕು. ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದೀರಿ ಎಂಬುದೇ ಪೈಥಾನಿನ ವ್ಯಾಕರಣ. ಅದಕ್ಕೇ ಬಾಣಮೊನೆ ಮೂರಿದ್ದರೆ ಚುಕ್ಕಿಯೂ ಮೂರು. ಟರ್ಮಿನಲ್ ಎಂಬ ಈ ಕಪ್ಪು ಪರದೆಯೋ, ಚೌಕಾಬಾರದ ಹಾಸಿನಂತೆ ಮನೆ ಮನೆಯಾಗಿ ಗೆರೆ ಹಾಕಿದ ಹಲಗೆ. ನಮ್ಮ ದುಂಡು ಅಕ್ಷರ ಅಲ್ಲಿ ಎಷ್ಟು ಮನೆ ಹಿಡಿಯುತ್ತದೆ? ‘ಹೇಳಿ’ಯ ಉದ್ದ ಕೇಳಿದರೆ ಪೈಥಾನ್ ನಾಲ್ಕು ಎನ್ನುತ್ತದೆ: ಹಕಾರ, ದೀರ್ಘದ ಏತ್ವ, ಳಕಾರ, ಗುಡಿಸು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ, ಶಿಫ್ಟ್ ಬಿಟ್ಟು ಎಣಿಸಿದರೆ, ಅದನ್ನು ಮೂಡಿಸುವುದೂ ನಾಲ್ಕೇ ಕೀಲಿ. ಆದರೆ ಯೂನಿಕೋಡ್ ಗುಡಿಸನ್ನು ಅಕ್ಷರದ ತಲೆ ಮೇಲೆಯೇ ಕೂರುವ, ಬೇರೆ ಜಾಗ ಕೇಳದ ಗುರುತುಗಳ ಸಾಲಿಗೆ ಸೇರಿಸಿದೆ. ಅದನ್ನು ಕಳೆದರೆ ಉಳಿಯುವುದು ಮೂರು ಮನೆ. ‘ಹೂಂ’ನಲ್ಲಿ ಹಕಾರಕ್ಕೊಂದು, ಕೊಂಬಿನ ದೀರ್ಘಕ್ಕೊಂದು, ಸೊನ್ನೆಗೊಂದು, ಅದೂ ಮೂರು. ಇದು ಕೂಡಿಬಂದ ದಿನ ನಾನು ಕುರ್ಚಿಯಿಂದ ಎದ್ದು ಅಡುಗೆಮನೆಯವರೆಗೆ ಹೋಗಿ, ಅಲ್ಲಿ ಹೇಳಲು ಯಾರೂ ಇಲ್ಲದೆ ವಾಪಸು ಬಂದೆ. ಎಲ್ಲ ಟರ್ಮಿನಲ್‌ಗಳೂ ಈ ಲೆಕ್ಕಕ್ಕೆ ಮರ್ಯಾದೆ ಕೊಡುವುದಿಲ್ಲ. ಕೆಲವು ಗುಡಿಸನ್ನು ಕಿತ್ತು ಪಕ್ಕಕ್ಕಿಡುತ್ತವೆ, ಒತ್ತಕ್ಷರವನ್ನು ಬಿಡಿಸಿ ಒಣಹಾಕುತ್ತವೆ. ಒತ್ತಿಲ್ಲದ ಪದಗಳನ್ನೇ ಆರಿಸಿ, ನಾಲ್ಕು ಫಾಂಟ್ ಬದಲಿಸಿದ ಮೇಲೆ ನನ್ನದರಲ್ಲಿ ಅಕ್ಷರ ಕಡೆದಿಟ್ಟ ಹಾಗೆ ನಿಂತಿತು.

ಬಣ್ಣ ಹಚ್ಚುವುದರಲ್ಲೂ ಒಂದು ನಾಜೂಕಿದೆ. ಬಣ್ಣದ ಸಂಕೇತಗಳು ಪರದೆಯ ಮೇಲೆ ಕಾಣುವುದಿಲ್ಲ, ಆದರೆ ಪ್ರಾಂಪ್ಟಿನೊಳಗೆ ಇರುತ್ತವೆ. ಪೈಥಾನಿನ ಹಳೆಯ ಆವೃತ್ತಿಗಳಲ್ಲಿ ಸಾಲು ತಿದ್ದುವ ಕೆಲಸ ನೋಡಿಕೊಳ್ಳುವ ರೀಡ್‌ಲೈನ್ ಅವನ್ನೂ ಅಕ್ಷರವೆಂದೇ ಎಣಿಸಿ, ಉದ್ದದ ಸಾಲು ಬರೆದಾಗ ತಲೆಬುಡ ಕಲೆಸಿಬಿಡುತ್ತದೆ. ಸಂಕೇತದ ಹಿಂದೊಂದು ಮುಂದೊಂದು ಕಾಣದ ಗುರುತು ನೆಟ್ಟು ‘ಇಷ್ಟು ಲೆಕ್ಕಕ್ಕಿಲ್ಲ’ ಎಂದು ಬೇಲಿ ಹಾಕಬೇಕು. 2024ರ ಅಕ್ಟೋಬರ್‌ನಲ್ಲಿ ಬಂದ 3.13ನೆಯ ಆವೃತ್ತಿಯಲ್ಲಿ ಶೆಲ್ ಹೊಸದಾಗಿ ಕಟ್ಟಿದ್ದು. ಹುಟ್ಟುವಾಗಲೇ ಬಣ್ಣ ಉಟ್ಟು ಬರುತ್ತದೆ, ಹಲವು ಸಾಲಿನ ಬರಹವನ್ನು ಒಂದೇ ಬಾರಿ ಹಿಂದಕ್ಕೆ ಕರೆದು ತಿದ್ದಲು ಬಿಡುತ್ತದೆ. ಸೊಗಸು ನಿಜ. ಆದರೂ ನಿಂಬೆಹಳದಿ ನನ್ನದೇ ಇರಲಿ.

ಇದೆಲ್ಲ ಪ್ರತಿದಿನ ಟೈಪ್ ಮಾಡುವ ಮಾತಲ್ಲ. ಪೈಥಾನ್‌ಸ್ಟಾರ್ಟಪ್ ಎಂಬ ಪರಿಸರ ಚರಾಂಶದಲ್ಲಿ ಒಂದು ಕಡತದ ವಿಳಾಸ ಬರೆದಿಟ್ಟರೆ, ಮೊದಲ ಪ್ರಾಂಪ್ಟ್ ಮೂಡುವ ಮುಂಚೆ ಪೈಥಾನ್ ಆ ಕಡತವನ್ನು ಓದಿಕೊಳ್ಳುತ್ತದೆ. ಹರಟೆಗೆ ಕೂತಾಗ ಮಾತ್ರ. ಪ್ರೋಗ್ರಾಂ ಓಡಿಸುವಾಗ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಅದರಲ್ಲಿ ಅಡುಗೆಮನೆಯ ಸಲಿಗೆ. ಸಾಸಿವೆ ಡಬ್ಬಿ ನಿಮ್ಮ ಕೈಗೆಟುಕುವ ಕಡೆ ಇಟ್ಟುಕೊಳ್ಳಿ, ನೆಂಟರು ಕೇಳುವುದಿಲ್ಲ. ನನ್ನ ಕಡತ ಅರವತ್ತು ಸಾಲು ದಾಟಿಲ್ಲ. ಪೈಥಾನ್ 3 ಹೆಸರುಗಳನ್ನು ಕನ್ನಡದಲ್ಲಿಡಲು ಬಿಡುತ್ತದೆ, ಹಾಗಾಗಿ ಮೊದಲ ಎರಡು ಸಾಲು ಇವು:

ಗುಂಟೆ = 1089
ಎಕರೆ = 40 * ಗುಂಟೆ

33 ಅಡಿ ಉದ್ದ, 33 ಅಡಿ ಅಗಲ, ಚದರಡಿಯಲ್ಲಿ ನಮ್ಮ ಗುಂಟೆ. ಅಲ್ಲಿಂದಾಚೆಗೆ ಕ್ವಿಂಟಲ್ ಇದೆ, ಭಾಗಲಬ್ಧ, ಶೇಷ ಎರಡನ್ನೂ ಒಟ್ಟಿಗೆ ಕೊಡುವ ‘ಭಾಗ’ ಇದೆ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಸೌದೆಯ ಲೆಕ್ಕವಿದೆ. ಹೆಸರಿನ ನಡುವೆ ಅಕ್ಷರ ಒತ್ತಾಗದಂತೆ ತಡೆಯುವ ಕಾಣದ ಕೊಂಡಿ ಸೇರಿದರೆ ಪೈಥಾನ್ ಮುನಿಯುತ್ತದೆ. ‘ಬ್ಯಾರನ್_ಖರ್ಚು’ ಎಂದು ಅಡಿಗೆರೆ ಎಳೆದರೆ ಒಪ್ಪುತ್ತದೆ.

ಇನ್ನೊಂದು ರುಚಿ ಉತ್ತರ ಬಡಿಸುವ ಬಗೆಯಲ್ಲಿದೆ. ಡಿಸ್‌ಪ್ಲೇಹುಕ್ ಎಂಬ ಫಂಕ್ಷನ್ ಫಲಿತಾಂಶವನ್ನು ಪರದೆಗೆ ತರುತ್ತದೆ, ಅದನ್ನೂ ಬದಲಿಸಬಹುದು. ಪೈಥಾನ್ ಅಲ್ಪವಿರಾಮ ಹಾಕಿದರೆ ಸಾವಿರ ಸಾವಿರಕ್ಕೇ ಹಾಕುತ್ತದೆ. ಲಕ್ಷ ಕಂಡ ಕಣ್ಣಿಗೆ ಅದು ಸಾಂಬಾರಿನಲ್ಲಿ ಸಿಕ್ಕ ಕಲ್ಲು. ಕೊನೆಯ ಮೂರಂಕಿ ಬಿಟ್ಟು ಮಿಕ್ಕದ್ದನ್ನು ಎರಡೆರಡಾಗಿ ಮಡಿಸುವ ಎಂಟು ಸಾಲು ಬರೆದೆ. ಸಂಖ್ಯೆ ಮುದ್ದಾಗಿ ಬಂತು, ಆದರೆ ಅಡಿಗೆರೆ ಮೂಕವಾಯಿತು. ಶೆಲ್ಲಿನಲ್ಲಿ ಬರೀ ಒಂದು ಅಡಿಗೆರೆ ಎಂದರೆ ‘ಈಗ ಬಂತಲ್ಲ, ಅದು’ ಎಂದರ್ಥ. ಹಿಂದಿನ ಉತ್ತರವನ್ನು ಅದರಲ್ಲಿ ಇಟ್ಟು ಹೋಗುವುದೂ ಆ ಹುಕ್ಕಿನದೇ ಕೆಲಸ. ನಾನು ಬಡಿಸುವ ಸಡಗರದಲ್ಲಿ ಎತ್ತಿಡುವುದನ್ನು ಮರೆತಿದ್ದೆ. ಒಂದು ಸಾಲು ಸೇರಿಸಿದೆ, ನೆನಪು ಮರಳಿತು.

ಇಂಥ ಕಡತ ಎಲ್ಲಿಯವರೆಗೆ ಬೆಳೆಯಬಹುದೆಂಬುದಕ್ಕೆ ಒಂದು ಚಂದದ ಸಂಗತಿ ಇದೆ. 2001ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಫರ್ನಾಂಡೊ ಪೆರೆಜ್ ತನ್ನ ಅನುಕೂಲಕ್ಕೆ ಪ್ರಾಂಪ್ಟಿಗೆ ಅಂಕಿ ಹಚ್ಚಿ, ಹಳೆಯ ಉತ್ತರಗಳನ್ನೆಲ್ಲ ಕರೆಯುವಂತೆ ಮಾಡಿಕೊಂಡ. ಒಟ್ಟು 259 ಸಾಲು, ಪೈಥಾನ್‌ಸ್ಟಾರ್ಟಪ್‌ನಲ್ಲಿ ಇಟ್ಟುಕೊಳ್ಳುವ ಕಡತ. ಅದೇ ಐಪೈಥಾನ್ ಆಯಿತು. ಅದರಿಂದಲೇ ಜುಪಿಟರ್ ಹೊರಟಿತು, ಇವತ್ತು ವಿಜ್ಞಾನಿಗಳು ಲೆಕ್ಕಕ್ಕೆ ತೆರೆದು ಕೂರುವ ಪುಸ್ತಕ. ನನ್ನ ಅರವತ್ತು ಸಾಲಿಗೆ ಆ ಆಸೆ ಇಲ್ಲ. ಹುಣಸೂರು ದಾಟಿ ಹೋಗುವ ಇರಾದೆಯೇ ಅದಕ್ಕಿಲ್ಲ.

ಕೊನೆಯದಾಗಿ ಕಲಿತದ್ದು, ಎಲ್ಲಕ್ಕಿಂತ ಸಿಹಿ. ಪಿಎಸ್1ಕ್ಕೆ ಪದದ ಬದಲು ಒಂದು ವಸ್ತುವನ್ನೇ ಕೊಡಬಹುದು. ಆಗ ಪೈಥಾನ್ ಪ್ರತಿ ಬಾರಿ ಪ್ರಾಂಪ್ಟ್ ತೋರುವ ಮುಂಚೆ ಆ ವಸ್ತುವನ್ನು ‘ಈಗ ಏನೆನ್ನಲಿ?’ ಎಂದು ಹೊಸದಾಗಿ ಕೇಳುತ್ತದೆ. ನನ್ನ ವಸ್ತು ಗಡಿಯಾರ ನೋಡುತ್ತದೆ. ಹಗಲೆಲ್ಲ ‘ಹೇಳಿ’. ರಾತ್ರಿ ಹನ್ನೊಂದು ಹೊಡೆದರೆ ‘ಮಲಗಿ’. ಎಣಿಸಿ ನೋಡಿ: ಮ, ಲ, ಗಿ. ಮೂರೇ ಮನೆ.

ಹೋದ ಆಗಸ್ಟಿನಲ್ಲಿ ಒಂದು ರಾತ್ರಿ ಬ್ಯಾರನ್ ಹತ್ತಿರ ಅಪ್ಪನ ಜೊತೆ ಕೂತಿದ್ದೆ. ಒಳಗೆ ಕಡ್ಡಿಗೆ ಕಟ್ಟಿದ ಸೊಪ್ಪು ಬಾಡಿ ಹಳದಿಗೆ ತಿರುಗುತ್ತಿತ್ತು. ಬೆಂಕಿ ಏರುಪೇರಾದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜು ಕಟ್ಟೆಯಲ್ಲಿ ದರ ಬೀಳುತ್ತದೆ. ಅದಕ್ಕೇ ರಾತ್ರಿಯೆಲ್ಲ ಒಬ್ಬರಾದರೂ ಎದ್ದಿರಬೇಕು. ಸೌದೆ ಹಾಕಿ ಬಂದ ಅಪ್ಪ ಪರದೆ ನೋಡಿ, ಕನ್ನಡಕ ಏರಿಸಿಕೊಂಡು, ‘ಹೇಳಿ ಅಂತ ಅದೆ ಕಣ್ಲಾ’ ಎಂದರು. ಒಂದು ಗಳಿಗೆ ಸುಮ್ಮನಿದ್ದು, ನನಗಲ್ಲ, ಪರದೆಗೇ ಹೇಳಿದರು: ‘ಕೆ.ಆರ್. ನಗರದ ಗದ್ದೆ ಎರಡೆಕರೆ ಹದ್ನೇಳು ಗುಂಟೆ. ಮೂರು ಜನ ಅಣ್ತಮ್ಮಂದ್ರು.’

ನಾನು ಟೈಪ್ ಮಾಡಿದೆ.

ಹೇಳಿ 2*ಎಕರೆ + 17*ಗುಂಟೆ
1,05,633
ಹೇಳಿ _ // 3
35,211
ಹೇಳಿ ಭಾಗ(_, ಗುಂಟೆ)
(32, 363)

‘ಮೂವತ್ತೆರಡು ಗುಂಟೆ, ಮುನ್ನೂರ ಅರವತ್ಮೂರು ಚದರಡಿ’ ಎಂದು ಓದಿ ಅಪ್ಪನ ಮುಖ ನೋಡಿದೆ.

‘ತೊಂಬತ್ತೇಳು ಗುಂಟೆ. ಮೂರು ಪಾಲು ಮಾಡುದ್ರೆ ಮೂವತ್ತೆರಡು, ಮ್ಯಾಲೆ ಐದಾಣೆ ಚಿಲ್ರೆ. ನೀನ್ ಮೊದುಲ್ನೇ ಸಾಲು ಹೊಡಿಯೋವಷ್ಟ್ರಲ್ಲೇ ಬಂತು’ ಎಂದರು ಅಪ್ಪ. ಅಷ್ಟರಲ್ಲಿ ಹನ್ನೊಂದಾಗಿತ್ತು. ಎಂಟರ್ ಒತ್ತಿದೆ. ಪರದೆ ‘ಮಲಗಿ’ ಎಂದಿತು. ಅಪ್ಪ ಅದನ್ನೂ ಓದಿದರು, ನಕ್ಕರು, ಒಂದು ಕೊರಡು ಎತ್ತಿಕೊಂಡು ಒಲೆಯ ಕಡೆ ನಡೆಯುತ್ತ ಹೇಳಿದರು: ‘ಮರ್ಯಾದೆ ಚೆನ್ನಾಗಿ ಕಲ್ಸಿದ್ದೀಯ ಕಣ್ಲಾ. ಬ್ಯಾರನ್ ವಿಸ್ಯ ಒಂದು ಹೇಳ್ಕೊಡು.’